ಬಂಡೆಯ ಮೇಲೆ ಗೂಟ

ನನಗೆ ಒಲೆ ಹಚ್ಚಲು ಬರುವುದಿಲ್ಲ ಎಂಬ ಸತ್ಯ ತಿಳಿದದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಮದುವೆಯಾದಂದಿನಿಂದ ದಿನಕ್ಕೆರಡು ಹೊತ್ತು ಅಡುಗೆ ಮಾಡುತ್ತ ಬಂದಿದ್ದೇನೆ, ನಿಜ. ಆದರೆ ಅದು ಗ್ಯಾಸ್ ಒಲೆ. ಲೈಟರ್ ಒತ್ತಿದರೆ ಹೊತ್ತಿಕೊಳ್ಳುವುದು ಅದರ ಒಳ್ಳೆಯತನವೇ ಹೊರತು ನನ್ನ ವಿದ್ಯೆಯಲ್ಲ. ನಮ್ಮ ಕ್ವಾರ್ಟರ್ಸಿನ ಟೆರೇಸಿನ ಮೇಲೆ ಮೂರು ಇಟ್ಟಿಗೆ, ಒಂದು ಕಟ್ಟು ಸೌದೆ, ಒಂದು ಬೆಂಕಿಪೊಟ್ಟಣ ಇಟ್ಟುಕೊಂಡು ಕೂತೆ. ಕಡ್ಡಿಗಳೆಲ್ಲ ಮುಗಿದವು. ಹೊಗೆ ಮಾತ್ರ ಧಾರಾಳವಾಗಿ ಬಂತು. ಕೆಳಗಿನ ಮನೆಯಾಕೆ "ಏಮೈಂದಮ್ಮಾ?" ಎನ್ನುತ್ತ ಓಡಿ ಬಂದರು. ಏನೂ ಆಗಿಲ್ಲ, ಕ್ಯಾಂಪಿಗೆ ಅಭ್ಯಾಸ ಮಾಡುತ್ತಿದ್ದೇನೆ ಎಂದೆ. ಆಕೆ ನನ್ನನ್ನು ಬಿಟ್ಟು ನನ್ನ ಗಂಡನ ಕಡೆ ಕನಿಕರದಿಂದ ನೋಡಿದರು.

ಇದಕ್ಕೆಲ್ಲ ಕಾರಣ ನಮ್ಮ ಮಕ್ಕಳ ಬಳಗ. ಹೈದರಾಬಾದಿನ ಸರ್ಕಾರಿ ಕಾರ್ಖಾನೆಗಳಲ್ಲಿ ದುಡಿಯಲು ಕರ್ನಾಟಕದ ಬೇರೆ ಬೇರೆ ಕಡೆಯಿಂದ ಬಂದವರು ಕಟ್ಟಿಕೊಂಡ ಸಣ್ಣ ಸಂಘವೊಂದಿದೆ. ಅದರ ಹಿಂದಿನ ಕೋಣೆಯಲ್ಲಿ ಭಾನುವಾರ ಮಕ್ಕಳು ಸೇರುತ್ತಿದ್ದರು, ವರ್ಷಕ್ಕೊಮ್ಮೆ ಊರಾಚೆ ಡೇರೆ ಹಾಕುತ್ತಿದ್ದರು. ಮುನ್ನಡೆಸುತ್ತಿದ್ದ ಹಿರಿಯರು ನಿವೃತ್ತರಾಗಿ ಹೊರಟುಹೋದರು. ಅದೇ ಹೊತ್ತಿಗೆ ಊರಿಗೆಲ್ಲ ಕಂಪ್ಯೂಟರಿನ ಗಾಳಿ ಹೊಡೆಯಿತು. ಮಾದಾಪುರದ ಬಂಡೆಗಳು ಸಿಡಿದು ಗಾಜಿನ ಕಟ್ಟಡಗಳೆದ್ದವು, ಏಳನೇ ಕ್ಲಾಸಿನ ಮಕ್ಕಳಿಗೂ ಭಾನುವಾರ ಕೋಚಿಂಗ್ ಶುರುವಾಯಿತು. ಬಳಗ ಕರಗುತ್ತ ಬಂತು. ಸಂಘದ ಕಾರ್ಯದರ್ಶಿ ಪ್ರಹ್ಲಾದರಾಯರು ಒಂದು ಸಭೆಯಲ್ಲಿ ಹೇಳಿಯೇ ಬಿಟ್ಟರು: "ಈ ಸಲ ಕ್ಯಾಂಪಿಗೆ ಹತ್ತು ಹುಡುಗರು ಬಂದ್ರ ಬಳಗ ಇರ್ತೈತಿ. ಇಲ್ಲಂದ್ರ ಆ ಖೋಲಿ ಕಂಪ್ಯೂಟರ್ ಕ್ಲಾಸಿಗೆ ಕೊಡೂದ. ಲೀಡರ್ ಯಾರು ಆಗ್ತೀರಿ?" ಎಲ್ಲರೂ ಫ್ಯಾನು ನೋಡಿದರು. ನಾನೊಬ್ಬಳು ಮೈಮರೆತು ಅವರನ್ನೇ ನೋಡುತ್ತಿದ್ದೆ. ಹಾಗಾಗಿ ಲೀಡರ್ ಆದೆ.

ಬೇಡವೆನ್ನಬಹುದಿತ್ತು. ಆದರೆ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನು ಊಟ, ನೀರು, ಟಿವಿಯ ರಿಮೋಟು ಕೇಳಲು ಮಾತ್ರ ಬಳಸುತ್ತಾರೆ. ಒಬ್ಬರನ್ನೊಬ್ಬರು ಗೇಲಿ ಮಾಡಲು, ಗುಟ್ಟು ಹೇಳಲು ಅವರಿಗೆ ಕನ್ನಡ ಬೇಕಾಗುತ್ತಿದ್ದದ್ದು ಆ ಕೋಣೆಯಲ್ಲಿ. ಆ ಬಾಗಿಲು ಮುಚ್ಚಿದರೆ ಈ ಮಕ್ಕಳು ತಮ್ಮತಮ್ಮಲ್ಲಿ ಕನ್ನಡವಾಡಲು ಈ ಇಡೀ ಊರಿನಲ್ಲಿ ಬೇರೆ ಜಾಗವಿಲ್ಲ. ನನಗೆ ಭಯವಾಯಿತು. ಭಯಬಿದ್ದವರು ಏನನ್ನಾದರೂ ಕಲಿಯುತ್ತಾರೆ.

ಅಬಿಡ್ಸಿನ ಭಾನುವಾರದ ಫುಟ್‌ಪಾತಿನಲ್ಲಿ ಶಿಬಿರವಾಸದ ಕೈಪಿಡಿಯೊಂದು ಸಿಕ್ಕಿತು. ಅದನ್ನು ಬರೆದವನು ಯಾವುದೋ ಚಳಿದೇಶದವನು. ಹಾಸಿಗೆಗೆ ಪೈನ್ ಮರದ ಎಲೆ ಹಾಸಿ, ಕರಡಿಗೆ ಸಿಗದಂತೆ ಊಟ ಕಟ್ಟಿಡಿ, ಹಿಮ ಕರಗಿಸಿ ನೀರು ಕುಡಿಯಿರಿ ಎಂದೆಲ್ಲ ಅದರಲ್ಲಿತ್ತು. ನಮ್ಮಲ್ಲಿ ಕರಗಿಸಲು ಸಿಗುವುದು ರಸ್ತೆಯ ಡಾಂಬರು ಮಾತ್ರ. ಸುಲ್ತಾನ್ ಬಜಾರಿನಲ್ಲಿ ಹಗ್ಗ, ತಾಡಪತ್ರಿ, ಕಬ್ಬಿಣದ ಗೂಟಗಳನ್ನು ಕೊಂಡೆ. ಕಾರ್ಖಾನೆಯಲ್ಲಿ ನನ್ನದು ತಪಾಸಣೆ ವಿಭಾಗ. ಬಿಡಿಭಾಗಗಳನ್ನು ಅಳೆದು, ಕೂದಲೆಳೆ ಹೆಚ್ಚುಕಮ್ಮಿಯಾದರೂ ಹಿಂದಕ್ಕೆ ಕಳಿಸುವ ಕೆಲಸ. ಗೂಟಗಳನ್ನೂ ಅಳೆದೆ. ಎಲ್ಲವೂ ಅಳತೆಗೆ ಸರಿಯಾಗಿದ್ದವು.

ಮಾದಾಪುರ ದಾಟಿದ ಮೇಲೆ ಆಗಿನ್ನೂ ಸಿಡಿಯದೆ ಉಳಿದಿದ್ದ ಬಂಡೆಗಳ ಬಯಲಿತ್ತು. ಸ್ಕೂಟರಿನಲ್ಲಿ ಹೋಗಿ ಮೊದಲ ಗೂಟಕ್ಕೆ ಸುತ್ತಿಗೆ ಎತ್ತಿದೆ. ಠಣ್ ಎಂದಿತು. ಎರಡಡಿ ಆಚೆಗೂ ಠಣ್. ನಾಲ್ಕು ಗೂಟ ಡೊಂಕಾದವು, ನೆಲಕ್ಕೆ ಒಂದು ಗೀರೂ ಬೀಳಲಿಲ್ಲ.

"ಅಯ್ಯ ಯವ್ವಾ, ಕಲ್ಲಾಗ ಯಾರರ ಗೂಟ ಹೊಡೀತಾರೇನ್ರಿ?"

ತಿರುಗಿ ನೋಡಿದರೆ ತಲೆಯ ಮೇಲೆ ನೀರಿನ ಕೊಡ ಹೊತ್ತ ಹೆಂಗಸು. ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಕಾಂಕ್ರೀಟು ಹೊರುವ ಶರಣಮ್ಮ, ಲಿಂಗಸುಗೂರಿನ ಕಡೆಯವಳು. ಕನ್ನಡ ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ ಬೈಸಿಕೊಂಡದ್ದು ಮರೆತೇಹೋಯಿತು. ಆಕೆ ಕೊಡ ಇಳಿಸಿ, ತನ್ನ ಜೋಪಡಿ ತೋರಿಸಿದಳು. ಅದಕ್ಕೆ ಒಂದೂ ಗೂಟವಿಲ್ಲ. ತಾಡಪತ್ರಿಯ ಮೂಲೆಯಲ್ಲಿ ಬೆಣಚುಕಲ್ಲು ಇಟ್ಟು ಗಂಟು ಹಾಕಿ, ಆ ಗಂಟಿಗೆ ಕಟ್ಟಿದ ಹಗ್ಗವನ್ನು ಪಕ್ಕದ ದೊಡ್ಡ ಬಂಡೆಗಲ್ಲಿಗೆ ಸುತ್ತಿ ಬಿಗಿದಿದ್ದಳು.

ರಾಜರು ಇಂಥಲ್ಲಿ ಬೀಡು ಬಿಟ್ಟಿದ್ದರೆಂದು ನಮ್ಮ ಶಾಸನಗಳು ಬಿರುದುಬಾವಲಿ ಸಮೇತ ಹೇಳುತ್ತವೆ. ಡೇರೆ ಕಟ್ಟಿದವನು ಯಾರು ಎಂದು ನಾನು ಕಂಡ ಯಾವ ಶಾಸನವೂ ಹೇಳಿಲ್ಲ. ಹೇಳಿದ್ದರೆ ಶರಣಮ್ಮನ ಮುತ್ತಜ್ಜನ ಹೆಸರು ಇರುತ್ತಿತ್ತೋ ಏನೋ.

ಆಮೇಲೆ ಭಾನುವಾರಗಳಂದು ಆಕೆಯ ಹತ್ತಿರ ಪಾಠ. ಒದ್ದೆ ಸೌದೆಯನ್ನು ಸೀಳಿ ಒಳಗಿನ ಒಣ ಚಕ್ಕೆ ತೆಗೆಯುವುದು ಕಲಿತೆ. ನಾನು ಕೆನ್ನೆ ಉಬ್ಬಿಸಿ ಊದುತ್ತಿದ್ದರೆ, "ಊದಬ್ಯಾಡ್ರಿ ಅಕ್ಕಾರ, ಗಾಳಿಗೆ ದಾರಿ ಬಿಡ್ರಿ, ಅದ ಹತ್ತತೈತಿ" ಎನ್ನುತ್ತಿದ್ದಳು. ಒಂದು ದಿನ ಕೇಳಿದಳು: "ಹೌದ್ರಿ, ಮನಿ ಇದ್ದವರು ಹೊರಗ್ಯಾಕ ಮಲಗತೀರಿ?" ಮಕ್ಕಳಿಗೆ ಧೈರ್ಯ ಬರಲಿ ಅಂತ ಎಂದೆ. "ನಮಗ ಭಾಳ ಬಂದೈತ್ರಿ" ಎಂದು ನಕ್ಕಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ನನಗೆ ನಾಚಿಕೆಯಾಗುತ್ತಿತ್ತು.

ಕ್ಯಾಂಪಿನ ದಿನ ಬಂತು. ಹಿಂದಿನ ದಿನವೆಲ್ಲ ತಾಯಂದಿರ ಫೋನುಗಳು: ಒಬ್ಬನಿಗೆ ಟೆಸ್ಟು, ಒಬ್ಬಳಿಗೆ ಶೀತ, ಒಬ್ಬನಿಗೆ ಅಮೀರ್‌ಪೇಟೆಯಲ್ಲಿ ಡೆಮೊ ಕ್ಲಾಸು. ಬಂದದ್ದು ನಾಲ್ಕು ಮಕ್ಕಳು. ಅಲ್ಲಿಗೇ ಲೆಕ್ಕ ಮುಗಿದಿತ್ತು. ಆದರೂ ಇಷ್ಟು ಚೆನ್ನಾಗಿ ಕ್ಯಾಂಪು ಮಾಡೋಣ, ಪ್ರಹ್ಲಾದರಾಯರ ಮನಸ್ಸು ಕರಗಲಿ ಎಂದುಕೊಂಡೆ. ಶರಣಮ್ಮ ಇನ್ನೂ ಕೆಲಸದಲ್ಲಿದ್ದಳು. ಜಾಗ ಆರಿಸಲು ಅವಳೇಕೆ, ಕಾರ್ಖಾನೆಯ ಮಟ್ಟಗೋಲು ತಂದಿದ್ದೆನಲ್ಲ! ಬಂಡೆಯ ಮೇಲೆಲ್ಲ ಅದನ್ನಿಟ್ಟು ನೋಡುತ್ತ ಹೋದೆ. ಒಂದು ಕಡೆ ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಸುತ್ತಲೂ ಏರು ಬಂಡೆ, ನಡುವೆ ಅಂಗಳದಂಥ ಜಾಗ; ಅಷ್ಟು ಸಮತಟ್ಟಾದ ಬಂಡೆ ನಾನು ಕಂಡಿರಲಿಲ್ಲ. ಕಲ್ಲು ಗಂಟು ಹಾಕಿ ಎರಡು ಡೇರೆ ಎಬ್ಬಿಸಿದೆವು. ಮಕ್ಕಳು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಮೂರಕ್ಕೆ ಮಳೆ ಬಂತು. ಬಂಡೆಯ ಮೇಲೆ ಬಿದ್ದ ನೀರೂ ಸಮತಟ್ಟಾದ ಜಾಗವನ್ನೇ ಹುಡುಕುತ್ತದೆಂಬುದು ಆಗ ಗೊತ್ತಾಯಿತು. ಅದಕ್ಕೆ ಮಟ್ಟಗೋಲು ಬೇಡ. ಅರ್ಧ ಗಂಟೆಯಲ್ಲಿ ಮೊಣಕಾಲೆತ್ತರ ನೀರಿನಲ್ಲಿ ನಮ್ಮ ಅಕ್ಕಿ, ಹೊದಿಕೆ, ಕೈಪಿಡಿ ಎಲ್ಲ ತೇಲಿದವು. ಕೆಲಸ ನಿಂತು ಮರಳಿದ್ದ ಶರಣಮ್ಮ ಕೂಗಿ ಕರೆದು ತನ್ನ ಜೋಪಡಿಯಲ್ಲಿ ಕೂರಿಸಿದಳು. ಅಲ್ಲಿ ಒಂದು ಹನಿಯೂ ಒಳಗೆ ಬಿದ್ದಿರಲಿಲ್ಲ. ಚಹಾ ಕೊಡುತ್ತ, "ನೀರು ಮಲಗೂ ಜಾಗದಾಗ ಮನಷ್ಯಾರು ಮಲಗಬಾರದ್ರಿ. ಯಾರ ಮಕ್ಕಳವ್ವಾ ನೀವು, ರೊಟ್ಟಿ ತಿಂತೀರೇನು?" ಎಂದಳು.

ಮನೆಯ ಊಟ-ನೀರಿನ ಕನ್ನಡವಷ್ಟೇ ಉಳಿದಿದ್ದ ಮಕ್ಕಳಿಗೆ ಈ ಸೀಮೆಯ ಮಾತು ಹೊಸದು; ಮುಖ ಮುಖ ನೋಡಿಕೊಂಡರು. ದೊಡ್ಡ ಹುಡುಗಿ ನನ್ನ ಕಿವಿಯ ಹತ್ತಿರ ಬಂದು ತೆಲುಗಿನಲ್ಲಿ ಕೇಳಿದಳು: "ಆಂಟೀ, ಈಮೆ ಏ ಭಾಷ ಮಾಟ್ಲಾಡುತೋಂದಿ?" ಇವರು ಮಾತಾಡುತ್ತಿರುವುದು ಯಾವ ಭಾಷೆ ಎಂದು.

ನಮ್ಮದೇ, ಎಂದೆ. ಡೇರೆ ಮುಳುಗಿದ್ದಕ್ಕೆ ಬಾರದ ಅಳು ಆಗ ಬಂತು. ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ಶರಣಮ್ಮ ತಿಳಿದುಕೊಂಡಳು, ಒಲೆಯನ್ನು ಆಚೆ ಸರಿಸಿದಳು.

ಬಳಗ ಮುಚ್ಚಿತು. ಪ್ರಹ್ಲಾದರಾಯರು ಕೆಟ್ಟವರಲ್ಲ, ಕೋಣೆಯ ಬೀಗದಕೈ ತೆಗೆದುಕೊಳ್ಳುವಾಗ "ತಪ್ಪು ತಿಳ್ಕೋಬ್ಯಾಡ್ರಿ" ಎಂದು ಎರಡು ಸಲ ಹೇಳಿದರು. ಈಗ ನನಗೆ ಮಳೆಯಲ್ಲಿ ಒಲೆ ಹಚ್ಚಲು ಬರುತ್ತದೆ, ಬಂಡೆಯ ಮೇಲೆ ಡೇರೆ ಕಟ್ಟಲು ಬರುತ್ತದೆ. ಕರೆದುಕೊಂಡು ಹೋಗಲು ಮಾತ್ರ ಯಾರೂ ಇಲ್ಲ. "ಹಿಂದೆ ಯಾರೂ ಇಲ್ಲದೆ ಮುಂದೆ ನಡೆಯೋರಿಗೆ ಲೀಡರ್ ಅನ್ನಲ್ಲ, ವಾಕಿಂಗ್ ಹೋಗೋರು ಅಂತಾರೆ" ಎಂದು ನನ್ನ ಗಂಡ ಸಮಾಧಾನ ಹೇಳಿದರು.

ಸರಿ, ವಾಕಿಂಗೇ ಆಗಲಿ ಎಂದು ಮುಂದಿನ ಭಾನುವಾರ ಹೋದೆ. ಮಕ್ಕಳು ಎಲ್ಲಿ ಎಂದು ಶರಣಮ್ಮ ಕೇಳಿದಳು. ಇನ್ನು ಬರುವುದಿಲ್ಲ ಎಂದೆ. "ನೀವರ ಬಂದೀರಲ್ಲ, ಕುಂದರ್ರಿ" ಎಂದಳು. ಕುಳಿತೆ. ಅತ್ತೆಯ ಬಗ್ಗೆ, ಮೊಣಕಾಲು ನೋವಿನ ಬಗ್ಗೆ, ಮೇಸ್ತ್ರಿಯ ಬಗ್ಗೆ ಎರಡು ಗಂಟೆ ಮಾತಾಡಿದೆವು. ಏಳುವಾಗ ನನಗೆ ಹೊಳೆಯಿತು: ಅಷ್ಟು ಕನ್ನಡವನ್ನು ನಾನು ಒಂದೇ ದಿನ ಆಡಿ ಎಷ್ಟೋ ವರ್ಷಗಳಾಗಿದ್ದವು. ಮಕ್ಕಳಿಗಾಗಿ ಎಂದುಕೊಂಡು ನಾನು ಉಳಿಸಲು ಹೊರಟಿದ್ದ ಕೋಣೆ ಹೆಚ್ಚಾಗಿ ನನಗೇ ಬೇಕಾಗಿತ್ತು. ಇದು ತಿಳಿದದ್ದರಿಂದ ದುಃಖವೇನೂ ಕಡಿಮೆಯಾಗಲಿಲ್ಲ. ನನಗೆ ಶರಣಮ್ಮ ಸಿಕ್ಕಿದ್ದಳು, ಆ ನಾಲ್ಕು ಮಕ್ಕಳ ಕನ್ನಡ ಮಾತ್ರ ಹೋಯಿತು.

ಆ ಕಟ್ಟಡ ಮುಗಿಯಿತು. ಕೂಲಿಯವರನ್ನು ಇನ್ನೊಂದು ಬಂಡೆಗೆ ಕಳಿಸಿದರು. ಜೋಪಡಿ ಕಿತ್ತ ಭಾನುವಾರ ನಾನೂ ಹೋಗಿದ್ದೆ. ಶರಣಮ್ಮ ಪಾತ್ರೆಗಳ ಗಂಟನ್ನು ತಲೆಗೇರಿಸಿ, ಹಗ್ಗದ ಸುರುಳಿಯನ್ನು ನನ್ನ ಹೆಗಲಿಗೆ ಹಾಕಿ, "ಬರ್ರಿ" ಎಂದು ಮುಂದೆ ನಡೆದಳು. ನಾನು ಹಿಂದೆ ಹೋದೆ.