ನೆಟ್ ಇಲ್ಲ ಎಂದ ಕಂಪ್ಯೂಟರ್

ಟೆಲಿಫೋನ್ ಇಲಾಖೆಯಲ್ಲಿ ಮೂವತ್ತು ವರ್ಷ ಕಂಬ ಹತ್ತಿ ಇಳಿದ ಅವರನ್ನು ಬೀದಿಯವರೆಲ್ಲ ಲೈನ್ ಮಾವ ಎಂದೇ ಕರೆಯುತ್ತಿದ್ದರು. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಮನೆಯ ಇಂಟರ್ನೆಟ್ಟಿಗೆ ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಕಾವಲು ಕೂರಿಸಿದ್ದರು. ಫೋನು, ಕಂಪ್ಯೂಟರುಗಳು ಹೇಳದೆ ಕೇಳದೆ ಎಲ್ಲೆಲ್ಲಿಗೋ ಸುದ್ದಿ ಮುಟ್ಟಿಸುವುದನ್ನು ಅದು ತಡೆಯುತ್ತಿತ್ತು. "ನಮ್ಮನೆ ಮಾತು ಹೊರಗೆ ಹೋಗೋಕೆ ನನ್ನ ಅಪ್ಪಣೆ ಬೇಕು" ಎಂದು ಮೀಸೆಯಡಿಯಲ್ಲೇ ನಗುತ್ತಿದ್ದರು.

ಹೋದ ವರ್ಷ ಪಾರ್ಶ್ವವಾಯು ಬಡಿಯಿತು. ಕಾಲು ಚೇತರಿಸಿಕೊಂಡಿತು, ಮಾತು ಮಾತ್ರ ಒಂದೆರಡು ಪದಕ್ಕೇ ನಿಂತುಬಿಟ್ಟಿತು. ಆಸ್ಪತ್ರೆಯ ವೈದ್ಯರು ಧ್ವನಿಮುದ್ರಿಸಿ ಕಳಿಸುವ ರೋಗಿಗಳ ವರದಿಗಳನ್ನು ಹೆಂಡತಿ ಮನೆಯಲ್ಲೇ ಕುಳಿತು ಕೇಳಿ, ಸಂಬಳಕ್ಕೆ ಟೈಪು ಮಾಡಿಕೊಡುತ್ತಿದ್ದರು.

ಒಂದು ಬೆಳಗ್ಗೆ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಆಗಿ ಕುಳಿತಿತ್ತು. ಮೂಲೆಯಲ್ಲಿ 'ಇಂಟರ್ನೆಟ್ ಇಲ್ಲ' ಎಂಬ ಗುರುತು. ಸುದ್ದಿಯ ಪುಟ ತೆರೆಯುತ್ತಿತ್ತು. ವರದಿಯ ಆ್ಯಪ್ ಮಾತ್ರ ಆ ಗುರುತನ್ನೇ ನಂಬಿ, ಜಪ್ಪಯ್ಯ ಅಂದರೂ ತೆರೆಯಲಿಲ್ಲ.

ಹೆಂಡತಿ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಾಗ ಹುಡುಗಿಯೊಬ್ಬಳು ಹೇಳಿದಳು: "ಲೈನ್ ಚೆನ್ನಾಗಿದೆ ಮೇಡಂ. ನೆಟ್ ಇದೆಯಾ ಅಂತ ನಿಮ್ಮ ಕಂಪ್ಯೂಟರ್ ಒಂದು ವೆಬ್ ವಿಳಾಸದಲ್ಲಿ ಕೇಳಿ ನೋಡುತ್ತೆ. ಉತ್ತರ ಬರದಿದ್ರೆ ಇಲ್ಲ ಅಂದ್ಕೊಂಡ್ಬಿಡುತ್ತೆ. ಅಪ್‌ಡೇಟ್ ಆದಾಗ ಆ ವಿಳಾಸ ಬದಲಾಗಿರಬೇಕು. ಮಧ್ಯೆ ಏನಾದ್ರೂ ತಡೀತಿದೆಯಾ?"

ಲೈನ್ ಮಾವನಿಗೆ ಅಷ್ಟೇ ಸಾಕಾಯಿತು. ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ತಡೆ ತೆಗೆಯುವ ಪುಟವನ್ನು ಚಕಚಕನೆ ತೆರೆದರು. ಅದು ಪಾಸ್‌ವರ್ಡ್ ಕೇಳಿತು. ಬೆರಳು ನಿಂತಿತು.

"ಅದು... ಅದು..."

"ನಮ್ಮ ಮದುವೆ ತಾರೀಖಾ?"

ಅಲ್ಲವೆಂದು ತಲೆಯಲ್ಲಾಡಿಸಿದರು.

"ಹಳೇ ಆಫೀಸಿನ ನಂಬರಾ?"

ಹೌದು ಹೌದೆಂದು ಜೋರಾಗಿ ತಲೆಯಾಡಿಸಿದರು. ಆದರೆ ಆ ನಂಬರು ಆಕೆಗೆ ಗೊತ್ತಿರಲಿಲ್ಲ, ಅವರಿಗೆ ನೆನಪಾಗಲಿಲ್ಲ. ಮೂರು ಸಲ ತಪ್ಪಾದ ಮೇಲೆ ಪುಟ ಮುಚ್ಚಿಕೊಂಡಿತು. ಅವರು ಹಣೆ ಚಚ್ಚಿಕೊಂಡರು.

"ಬಿಡ್ರೀ, ಯಾರನ್ನಾದ್ರೂ ಕೇಳೋಣ" ಎಂದರು ಹೆಂಡತಿ. ಕೇಳುವುದಾದರೂ ಯಾರನ್ನು? ಇಡೀ ಬೀದಿ ಕೇಳುತ್ತಿದ್ದದ್ದು ಇವರನ್ನೇ.

ಮಧ್ಯಾಹ್ನದೊಳಗೆ ವರದಿ ಎಲ್ಲಿ ಎಂದು ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು.

"ಈ ಪೆಟ್ಟಿಗೇನ ತೆಗೆದುಬಿಡ್ಲಾ?" ಎಂದರು ಹೆಂಡತಿ.

ಅವರು ಮುಚ್ಚಿದ್ದ ಪುಟವನ್ನು ಮತ್ತೊಮ್ಮೆ ತೆರೆಯಲು ನೋಡಿದರು; ಆಗಲಿಲ್ಲ. ಆಕೆ ಪೆಟ್ಟಿಗೆ ಕಳಚಿ ತಂತಿಯನ್ನು ನೇರ ರೂಟರಿಗೆ ಸಿಕ್ಕಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಗುರುತು ಮಾಯವಾಗಿ ಏಳು ವರದಿಗಳು ಬಂದು ಬಿದ್ದವು.

ಲೈನ್ ಮಾವ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ವೈರು ಸುತ್ತತೊಡಗಿದರು. ಸುತ್ತಿದ್ದು ಜಾರಿತು, ಮತ್ತೆ ಸುತ್ತಿದರು.

"ಬೇರೆ ದಾರಿ ಇರ್ಲಿಲ್ಲ ಕಣ್ರೀ."

"ಅದು... ಅದು..." ಎಂದರು ಅವರು. ಆಕೆ ಜಾರಿದ ವೈರನ್ನು ಸುತ್ತಿಕೊಟ್ಟು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೊದಲ ವರದಿ ತೆರೆದರು.