ಚಂದ್ರದೇವರ ಗುಡಿಯಲ್ಲಿ ಹಿಡಿದ ಕೈ

ಎಲ್ಲಮ್ಮನ ಗುಡ್ಡಕ್ಕೆ ಅವ್ವ ಕರೆದಾಗಲೆಲ್ಲ ಹೋಗುತ್ತಿದ್ದೆ. ಆದರೆ ನಂಬಿ ಹೋದವಳಲ್ಲ. ಬೇಡಿಕೊಂಡರೆ ಮನಸ್ಸು ಹಗುರಾಗುತ್ತದೆ, ಅಷ್ಟೇ ಎಂದುಕೊಂಡಿದ್ದೆ. ಈಗ ಹೇಳುವುದನ್ನು ನೀವೂ ನಂಬಬೇಕೆಂದು ನಾನು ಕೇಳುವುದಿಲ್ಲ.

ನಮ್ಮೂರು ಸವದತ್ತಿ ತಾಲೂಕಿನ ಮನೋಳಿ. ನರ್ಸಿಂಗ್ ಓದಿ, ಕೆಲ ವರ್ಷಗಳ ಹಿಂದೆ ಜಪಾನಿನ ಒಂದು ವೃದ್ಧಾಶ್ರಮಕ್ಕೆ ಕೆಲಸಕ್ಕೆ ಹೋದೆ. ಅಲ್ಲಿ ನಾನು ನೋಡಿಕೊಳ್ಳುತ್ತಿದ್ದ ಅಜ್ಜಿಗೆ ಲಕ್ವ ಹೊಡೆದು ಎಡಗೈಯ ಸ್ವಾಧೀನ ಪೂರ್ತಿ ಹೋಗಿತ್ತು. ಒಂದು ಮಧ್ಯಾಹ್ನ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹತ್ತಿರದಲ್ಲಿದ್ದ, ಜಪಾನಿನವರ ಚಂದ್ರದೇವರ ಗುಡಿಗೆ ಹೋಗಿದ್ದೆ. ಅಲ್ಲಿ ಮೂರ್ತಿ ಕಾಣುವುದಿಲ್ಲ. ಪಕ್ಕದಲ್ಲೊಂದು ಗುಂಡುಕಲ್ಲಿದೆ, ಬಸುರಿಯರು ಅದನ್ನು ಮುಟ್ಟಿ ಹೆರಿಗೆ ಸುಸೂತ್ರವಾಗಲೆಂದು ಬೇಡುತ್ತಾರೆ.

ಆಗಲೇ ಸವದತ್ತಿಯ ಆಸ್ಪತ್ರೆಯಿಂದ ಅವ್ವನ ಫೋನ್ ಬಂತು. ತಂಗಿ ಶೋಭಾಳಿಗೆ ದಿನ ತುಂಬಿತ್ತು.

"ಶೋಭಾನ್ನ ಆಪರೇಶನ್‌ಗೆ ಒಳಗ ಕರ್ಕೊಂಡು ಹೋಗ್ಯಾರ. ರಕ್ತ ಭಾಳ ಹೋಗೇತಿ. ನನಗ ಕೈಕಾಲು ಆಡವಲ್ದು" ಎಂದಳು.

ನಾನು ಕಲ್ಲಿನ ಬಳಿ ಕುಳಿತೆ. ಅಂಗೈ ತಾನಾಗಿಯೇ ಅದರ ಮೇಲೆ ಹೋಯಿತು. ಆಗ ಯಾರೋ ನನ್ನ ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದರು. ತಿರುಗಿ ನೋಡಿದರೆ ಅಜ್ಜಿಯ ಎಡಗೈ. "ದೈಜೋಬು, ದೈಜೋಬು" ಎನ್ನುತ್ತಿದ್ದರು. ಏನೂ ಆಗುವುದಿಲ್ಲ ಎಂದರ್ಥ. ಸ್ವಲ್ಪ ಹೊತ್ತಿನ ಮೇಲೆ ಆ ಕೈ ಸಡಿಲವಾಗಿ ಅವರ ಮಡಿಲಿಗೆ ಬಿತ್ತು.

ಸಂಜೆ ಅವ್ವ ಮತ್ತೆ ಫೋನ್ ಮಾಡಿದಳು. ಹೆಣ್ಣುಮಗು, ಇಬ್ಬರೂ ಉಳಿದಿದ್ದರು. ಮೂರು ದಿನದ ನಂತರ ಶೋಭಾ ಫೋನಿನಲ್ಲಿ ಮಾತಾಡಿದಳು.

"ಅಕ್ಕಾ, ನೀ ಯಾವಾಗ ಎದ್ದು ಹೋದಿ? ನನ್ನ ಕೈ ಹಿಡಕೊಂಡು ಕುಂತಿದ್ಯಲ್ಲ."

"ನಾ ಎಲ್ಲಿ ಬಂದಿದ್ನವ್ವಾ? ಇಲ್ಲೇ ಅದೇನಿ."

"ಖರೇನ ಇದ್ದಿ. ಒಂದ ಮಾತ ಅನ್ನಾಕ ಹತ್ತಿದ್ದಿ. ದೈಜೋಬು ಅಂದ್ರ ಏನಕ್ಕಾ?"

ಹಿಂದೆಂದೋ ಫೋನಿನಲ್ಲಿ ಆ ಮಾತು ನನ್ನ ಬಾಯಿಂದ ಬಂದಿರಬಹುದು. ನನಗೆ ನೆನಪಿಲ್ಲ. ಅರಿವಳಿಕೆಯ ಮಂಪರಿನಲ್ಲಿ ಏನೇನೋ ಕಾಣುತ್ತದೆಂದು ನನಗೂ ಗೊತ್ತು. ಆದರೆ ಅಂದು ಅಜ್ಜಿಯ ಕೈಯ ಬಿಗಿ ನನ್ನ ಮಣಿಕಟ್ಟಿನ ಮೇಲೆ ಕೆಂಪಗೆ ಮೂಡಿತ್ತು.

ಅಜ್ಜಿಯನ್ನು ಕೇಳಿದೆ. ಅವರಿಗೆ ಏನೂ ನೆನಪಿರಲಿಲ್ಲ. ಚಂದ್ರದೇವರ ಗುಡಿಗೆ ಯಾವಾಗ ಕರೆದೊಯ್ಯುತ್ತೀಯ ಎಂದು ನನ್ನನ್ನೇ ಕೇಳಿದರು.

ಮರುವಾರ ಕರೆದುಕೊಂಡು ಹೋದೆ. ಅವರ ಎಡಗೈಯನ್ನು ನಾನೇ ಎತ್ತಿ ಕಲ್ಲಿನ ಮೇಲಿಟ್ಟೆ. ಬಿಟ್ಟ ಕೂಡಲೇ ಜಾರಿ ಬಿತ್ತು. ಇನ್ನೊಮ್ಮೆ ಇಟ್ಟೆ, ಮತ್ತೆ ಜಾರಿತು. ಆಮೇಲೆ ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ನಿಂತಿದ್ದೆ.