ಐದು ಗಂಟೆಗೆ ಮುಚ್ಚಿದ ವಾಲ್ವ್

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಲಾಗ್‌ಬುಕ್ ಅಕ್ಕ ಎನ್ನುತ್ತಿದ್ದರು. ಪ್ರತಿ ಶಿಫ್ಟ್‌ನವರೂ ಹೊರಡುವ ಮುನ್ನ ಮಾಡಿದ ಕೆಲಸವನ್ನು ಇಂಗ್ಲಿಷಿನಲ್ಲಿ ಬರೆದಿಡಬೇಕು. ಬೆಳಿಗ್ಗೆ ಆರಕ್ಕೆ ಬಂದು ಅದನ್ನು ಓದಿ ಕೆಲಸ ಹಂಚುವುದು ಅವಳ ಪಾಲಿನದು. ಅವಳು ಓದಿದ್ದು ಏಳನೆಯ ತರಗತಿ. ಆದರೆ ಮಗಳ ಇಂಗ್ಲಿಷ್ ವ್ಯಾಕರಣದ ಪುಸ್ತಕವನ್ನು ಮಗಳಿಗಿಂತ ಹೆಚ್ಚು ತಿರುವಿಹಾಕಿದವಳು ಅವಳೇ. "ಇವಳನ್ನೇ ಪರೀಕ್ಷೆಗೆ ಕೂರಿಸ್ಬಹುದಿತ್ತು" ಎಂದು ಗಂಡ ನಗುತ್ತಿದ್ದ.

ಆ ದಿನ ದೊಡ್ಡ ತೊಟ್ಟಿಯೊಂದನ್ನು ಉಜ್ಜಬೇಕಿತ್ತು. ಇಳಿಯಬೇಕಾದವನು ಅವಳ ಒಡಹುಟ್ಟಿದ ತಮ್ಮ. ತೊಟ್ಟಿಯ ತಳದಲ್ಲಿ ಕುದಿಹಬೆಯ ಕೊಳವೆ. ಹಿಂದಿನ ಶಿಫ್ಟ್‌ನ ಆಪರೇಟರ್ ಬರೆದಿದ್ದ: 'ಐ ಕ್ಲೋಸ್ಡ್ ದ ಸ್ಟೀಮ್ ವಾಲ್ವ್ ಅಟ್ ಫೈವ್.' ಓದಿದಳು, ರುಜು ಹಾಕಿದಳು, "ಇಳಿಯಪ್ಪ" ಎಂದಳು.

ತಮ್ಮ ಏಣಿ ಇಳಿದು ತಲೆ ಮರೆಯಾದ ಮೇಲೆ ಆ ಸಾಲು ಮತ್ತೆ ಕಣ್ಣಿಗೆ ಬಿತ್ತು. ಕ್ಲೋಸ್ಡ್. ಹ್ಯಾವ್ ಕ್ಲೋಸ್ಡ್ ಅಲ್ಲ. 'ಮುಚ್ಚಿದ್ದೇನೆ' ಎಂದಿದ್ದರೆ ಈಗಲೂ ಮುಚ್ಚಿಯೇ ಇದೆ ಎಂದಾಗುತ್ತಿತ್ತು. 'ನಾನು ಐದಕ್ಕೆ ಮುಚ್ಚಿದೆ' ಎಂದರೆ ಐದಕ್ಕೆ ಮುಚ್ಚಿದ, ಅಷ್ಟೇ. ಆಮೇಲಿನ ಒಂದು ಗಂಟೆಯ ಬಗ್ಗೆ ಅದು ತುಟಿಪಿಟಕ್ಕೆನ್ನುವುದಿಲ್ಲ. ಗಂಟೆ ಹೇಳಿದ ಕಡೆ ಹ್ಯಾವ್ ಬರಬಾರದೆಂಬ ನಿಯಮವೂ ಅವಳಿಗೆ ಗೊತ್ತು. ನಿಯಮಕ್ಕಾಗಿ ಹಾಗೆ ಬರೆದನೋ, ಆಮೇಲೆ ತೆರೆದೇಬಿಟ್ಟನೋ? ತೊಟ್ಟಿಯ ಅಂಚಿಗೆ ಬಂದು ಬಗ್ಗಿದಳು.

"ಮೇಲೆ ಬಾರೋ!"

"ಈಗ ತಾನೆ ಇಳಿದೆ ಕಣಕ್ಕ. ಏನಾಯ್ತು?"

"ಬಾ ಅಂದ್ರೆ ಬಾ!"

ಅವನ ಎರಡನೆಯ ಕಾಲು ತೊಟ್ಟಿಯ ಅಂಚು ದಾಟುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ಆಮೇಲೆ ಯಂತ್ರಗಳ ಹಿಂದೆ ವಾಲ್ವ್ ಇದ್ದ ಸಂದಿಗೆ ಓಡಿದಳು. ವಾಲ್ವ್ ಪೂರ್ತಿ ತೆರೆದಿತ್ತು. ಶಿಫ್ಟ್ ಬದಲಾಗುವಾಗ ಬಾಯ್ಲರ್ ಕೋಣೆಯವರು ಹಬೆ ನಿಲ್ಲಿಸುತ್ತಿದ್ದರು, ಅದಕ್ಕೇ ತೊಟ್ಟಿಗೆ ಇನ್ನೂ ಹಬೆ ಬಂದಿರಲಿಲ್ಲ. ಇನ್ನು ಹತ್ತೇ ನಿಮಿಷಕ್ಕೆ ಬಿಡುವವರಿದ್ದರು. ವಾಲ್ವಿನ ಚಕ್ರವನ್ನು ಎರಡೂ ಕೈಯಲ್ಲಿ ತಿರುಗಿಸಿ ಮುಚ್ಚಿದಳು.

ಆಪರೇಟರ್ ಬಟ್ಟೆ ಬದಲಿಸುವ ಕೋಣೆಯಲ್ಲಿ ಬೂಟಿನ ದಾರ ಕಟ್ಟುತ್ತಿದ್ದ.

"ಐದಕ್ಕೆ ಮುಚ್ಚಿದೆ ಅಕ್ಕ. ಐದೂವರೆಗೆ ಒಂದ್ಸಲ ಬಿಸಿನೀರಲ್ಲಿ ತೊಳೆಯೋಣ ಅಂತ ತೆಗ್ದೆ..."

"ಮತ್ತೆ ಮುಚ್ಚಿದ್ರಾ?"

ಅವನು ದಾರ ಬಿಟ್ಟು ಎದ್ದು ನಿಂತ. "ನಾನು ಬರ್ದಿದ್ದು ಸುಳ್ಳಲ್ಲ ಅಕ್ಕ."

"ಸುಳ್ಳಲ್ಲ. ಅದಕ್ಕೇ ಭಯ ಆಗ್ತಿರೋದು. ನಾನೂ ವಾಲ್ವ್ ನೋಡದೇನೇ ರುಜು ಹಾಕ್ದೆ."

ಇಬ್ಬರೂ ಮ್ಯಾನೇಜರ್ ಬಳಿ ಹೋಗಿ ನಡೆದದ್ದನ್ನು ನಡೆದಂತೆಯೇ ಹೇಳಿದರು. ಬೈಗುಳ ಇಬ್ಬರಿಗೂ ಸರಿಸಮ ಸಿಕ್ಕಿತು. ತೊಟ್ಟಿಗೆ ಇಳಿಸುವ ಮೊದಲು ವಾಲ್ವಿಗೆ ಬೀಗ ಹಾಕಬೇಕು, ಕೀಲಿ ಇಳಿಯುವವನ ಜೇಬಿನಲ್ಲಿರಬೇಕು ಎಂದಾಯಿತು.

ಒಂಬತ್ತಕ್ಕೆ ತಮ್ಮ ಕೀಲಿ ಜೇಬಿಗಿಳಿಸಿ ಮತ್ತೆ ಇಳಿದ. ಬೀಗ ಬಿದ್ದಿದ್ದರೂ ಅವನು ಮೇಲೆ ಬರುವವರೆಗೆ ಅವಳು ಆ ಸಂದಿಯಲ್ಲೇ, ಚಕ್ರ ಹಿಡಿದು ನಿಂತಿದ್ದಳು.